ಸೀ, ಸಾ, ಸೀನ್

ಇಂಗ್ಲಿಷಿನವರ ಮೇಲೆ ನನಗಿರುವ ದೂರು ಒಂದೇ. ಅವರು ಹಡಗು ಮಾಡಿದರು, ರೈಲು ಮಾಡಿದರು, ಕಂಬಕ್ಕೆ ತಂತಿ ಕಟ್ಟಿ ಮಾತು ಹರಿಸಿದರು. ಆದರೆ ಕ್ರಿಯಾಪದ ಮಾಡುವ ಹೊತ್ತಿಗೆ ಕೈ ಬಿಗಿ ಹಿಡಿದುಬಿಟ್ಟರು. ಒಂದೇ ಪದವನ್ನು ಹತ್ತು ಕೆಲಸಕ್ಕೆ ಹಚ್ಚಿದ್ದಾರೆ. ಬಡವನ ಮನೆಯಲ್ಲಿ ಎಮ್ಮೆಯ ಹಾಲು ಕರೆದ ಮೇಲೆ ಅದನ್ನೇ ನೇಗಿಲಿಗೂ ಕಟ್ಟುವ ಹಾಗೆ. (ನಾನು ಕಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.) ಅಂಥ ಒಂದು ಪದದ ದೆಸೆಯಿಂದ ನನ್ನ ಮನೆಯಲ್ಲಿ ಒಬ್ಬ ಸತ್ತವನು ಆರು ದಿನ ಉಂಡುಕೊಂಡಿದ್ದ.

ನನ್ನ ಹೆಸರು ಸಣ್ಣಬೀರಯ್ಯ, ಊರು ಕಟ್ಟೆಮಳಲವಾಡಿ. ಹುಣಸೂರಿನ ಇಂಗ್ಲಿಷ್ ಸ್ಕೂಲಿನಲ್ಲಿ ಮೂರು ವರ್ಷ ಓದಿದೆ. ನಾಲ್ಕನೆಯ ವರ್ಷ ನಾನೂ ಸ್ಕೂಲಿನವರೂ ಒಮ್ಮತದಿಂದ ಬೇರೆಯಾದೆವು. ಆದರೂ ನಮ್ಮೂರಿಗೆ ನಾನೇ ಆಸ್ಥಾನ ಪಂಡಿತ. ಯಾರಿಗಾದರೂ ತಂತಿ ಬಂದರೆ, ಔಷಧದ ಬಾಟಲಿಯ ಮೇಲೆ ಏನಾದರೂ ಬರೆದಿದ್ದರೆ ನನ್ನ ಜಗುಲಿಗೇ ಬರಬೇಕು. ಬರುವಾಗ ಅವರೆಕಾಯಿಯನ್ನೋ ಬದನೆಕಾಯಿಯನ್ನೋ ತರುತ್ತಿದ್ದರು. "ನಿಮ್ಮ ಇಂಗ್ಲೀಷಿಂದ ಸಾರಿಗೆ ತೊಂದ್ರೆ ಇಲ್ಲ ಬುಡಿ" ಅನ್ನುವಷ್ಟು ಗೌರವವನ್ನು ನನ್ನ ಹೆಂಡತಿ ಚಾಮುಂಡಮ್ಮ ಇಟ್ಟುಕೊಂಡಿದ್ದಳು.

ಈ ಗೌರವಕ್ಕೆ ಒಬ್ಬನೇ ಶತ್ರು, ಅವಳ ತಮ್ಮ ಜವರಯ್ಯ. ಅವನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ದೊರೆಗಳ ಜೊತೆ ಮಾತಾಡಿ ಮಾತಾಡಿ ಅವನ ಇಂಗ್ಲಿಷು ನೀರು ಕುಡಿದ ಹಾಗೆ ಇಳಿಯುತ್ತಿತ್ತು. ನಮಗೆ ಕಾಗದ ಬರೆದರೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ. ನಾನು ಅದನ್ನು ಬೆವರೊರೆಸಿಕೊಂಡು ಓದಿ, ಗೊತ್ತಾಗದ ಕಡೆ ಕ್ಷೇಮ ಸಮಾಚಾರ ತುಂಬಿ, ಹೆಂಡತಿಗೆ ಹೇಳುತ್ತಿದ್ದೆ. ನನ್ನ ಹತ್ತಿರ ಒಂದು ನಿಘಂಟೂ ಇತ್ತು. ಅದರ ಹಿಂದಿನ ಕಾಲು ಭಾಗವನ್ನು ಗೆದ್ದಲು ನನಗಿಂತ ಶ್ರದ್ಧೆಯಿಂದ ಓದಿ ಮುಗಿಸಿತ್ತು.

ಪುಷ್ಯ ಮಾಸದ ಒಂದು ಶನಿವಾರ. ಲಕ್ಷ್ಮಣತೀರ್ಥದ ಕಡೆಯಿಂದ ಮಂಜು ಎದ್ದು ಊರಿನೊಳಕ್ಕೆ ಬರುವ ಹೊತ್ತು. ನಾನು ಜಗುಲಿಯ ಮೇಲೆ ಕೂತು ಟಗರಿಗೆ ಹುರುಳಿ ತಿನ್ನಿಸುತ್ತಿದ್ದೆ. ಕೊಟ್ಟಿಗೆಯ ಕಡೆ ಕೊಕ್ಕೊಕ್ಕೋ ಅನ್ನುತ್ತಿದ್ದ ಕೋಳಿಗಳೆಲ್ಲ ಇದ್ದಕ್ಕಿದ್ದಂತೆ ಸುಮ್ಮನಾದವು. ತಲೆಯೆತ್ತಿ ನೋಡಿದರೆ ಅಂಗಳದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಯಾವಾಗ ಬಂದನೋ, ಹೆಜ್ಜೆಯ ಸದ್ದೇ ಇಲ್ಲ. ಉದ್ದಕ್ಕೆ, ಸಣ್ಣಗೆ, ಬಿಳಿ ಕೋಟು, ಬಿಳಿ ಪಂಚೆ. ಮಂಜೇ ಒಂದು ಕಡೆ ಗಟ್ಟಿಯಾಗಿ ನಿಂತ ಹಾಗಿದ್ದ. ಅಪರಿಚಿತರನ್ನು ಕಂಡರೆ ಹಾರುವ ನಮ್ಮ ನಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಮಲಗಿತ್ತು.

"ಜವರಯ್ಯನವರ ಬಾವ ಅಲ್ವಾ ನೀವು? ನಾನು ಮುದ್ದಯ್ಯ ಅಂತ. ಅವರ ತೋಟದೋನು. ನಾಕು ದಿನ ಇದ್ದು ಹೋಗು ಅಂದ್ರು" ಅಂದ. ದನಿ ಬಾವಿಯೊಳಗಿಂದ ಬಂದಂತಿತ್ತು.

ಬಾಮೈದನ ಕಡೆಯವನು ಅಂದ ಮೇಲೆ ನನ್ನ ಮನೆಯಲ್ಲಿ ನನ್ನ ಒಪ್ಪಿಗೆಗೆ ಕೆಲಸವಿಲ್ಲ. ಚಾಮುಂಡಮ್ಮ ಆಗಲೇ ಕೈಕಾಲಿಗೆ ನೀರು ತಂದಿದ್ದಳು. ಅವನು ಕೈ ತೊಳೆದ, ಕಾಲು ತೊಳೆಯಲಿಲ್ಲ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದ, ಹಾಗೇ ಒಳಗೆ ಬಂದ. ನಡುಮನೆಯಲ್ಲಿ ಸುತ್ತ ಕಣ್ಣಾಡಿಸಿ ಕೇಳಿದ.

"ಮನೇಲಿ ಎಷ್ಟು ಜನ?"

"ಮೂರೇ ಜನ. ನಾನು, ಇವಳು, ನಮ್ಮವ್ವ."

"ನಾಕು ಅಂದ್ಕೊಂಡೆ" ಅಂದು, ಮೂಲೆಯಲ್ಲಿದ್ದ ಮಂಚದ ಕಡೆ ಒಂದು ಗಳಿಗೆ ನೋಡಿದ. ಅದು ನಮ್ಮಪ್ಪ ಮಲಗುತ್ತಿದ್ದ ಮಂಚ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು.

ನನ್ನ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿಯಿತು. ಚಳಿ ಅಂದುಕೊಂಡೆ.

ಮೂರು ದಿನ ಅವನು ನಮ್ಮ ಮನೆಯಲ್ಲಿ ಬಹಳ ಮರ್ಯಾದೆಯಿಂದ ಇದ್ದ. ಮಾತು ಕಡಿಮೆ, ಊಟ ಮಾತ್ರ ಹಾಗಲ್ಲ. ಒಂದೊಂದು ಮುದ್ದೆಯೂ ಅವನ ತಟ್ಟೆಯಿಂದ ಮಾಯವಾಗುತ್ತಿತ್ತು. ಅಗಿದದ್ದು ಕಾಣದು, ನುಂಗಿದ್ದು ಕಾಣದು, ಹೊಟ್ಟೆ ಉಬ್ಬಿದ್ದೂ ಕಾಣದು. ಆಗಾಗ ಊಟ ನಿಲ್ಲಿಸಿ ತಲೆಯನ್ನು ವಾರೆ ಮಾಡಿ, ಪಕ್ಕದಲ್ಲಿ ಯಾರೋ ಏನೋ ಹೇಳುತ್ತಿದ್ದಾರೆ ಅನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಸಣ್ಣದಾಗಿ ನಕ್ಕು, ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ.

ಮಂಗಳವಾರ ಮಧ್ಯಾಹ್ನ ಅಂಚೆಯವನು ಜವರಯ್ಯನ ಕಾಗದ ತಂದುಕೊಟ್ಟ. ಮುದ್ದಯ್ಯ ಆಗ ಕಟ್ಟೆಯ ಕಡೆ ಹೋಗಿದ್ದ. ನಾನು ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಅಡಿಗೆ ಮನೆಯ ಬಾಗಿಲಲ್ಲಿ ಕೂತೆ. ಒಲೆಯ ಮುಂದಿದ್ದ ಚಾಮುಂಡಮ್ಮ, "ಓದಿ, ನನ್ ತಮ್ಮ ಏನಂದವ್ನೆ" ಅಂದಳು.

ಕಾಗದ ಚಿಕ್ಕದು. ಆದರೆ ಸಾಲು ಸಾಲಿನಲ್ಲೂ ಒಂದೇ ಪದ, ಸೀ.

"ಸೀ ಅಂದ್ರೆ? ಸೀದೋಗೋದಾ?"

"ನೋಡೋದು ಕಣೇ. ಭೂತಕಾಲದಲ್ಲಿ ಅದು ಸಾ ಆಗ್ತದೆ."

"ಭೂತದ ಕಾಲದಲ್ಲಿ ಸಾ ಅಂದ ಮೇಲೆ ಇನ್ನೇನು ಉಳೀತು" ಅಂದಳು ಅವಳು, ಸೌದೆ ಮುಂದಕ್ಕೆ ತಳ್ಳುತ್ತ. ಆಗ ನಾನು ನಕ್ಕೆ. ಅದೇ ಕೊನೆಯ ನಗು.

ಮೊದಲ ಸಾಲು ಸುಲಭ. ಮುದ್ದಯ್ಯ ಅನ್ನುವವನು ಮೂರು ತಿಂಗಳು ನಮ್ಮ ತೋಟದಲ್ಲಿದ್ದ ಅಂತ. ಎರಡನೆಯದು, 'ಐ ಸಾ ಥ್ರೂ ಹಿಮ್'. ಥ್ರೂ ಅಂದರೆ ಮೂಲಕ, ಒಳಗಿಂದ ಹಾದು. ನಾನು ಅವನೊಳಗಿಂದ ಹಾದು ಆಚೆಗೆ ನೋಡಿದೆ. ನಾನು ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ. ಇದ್ದದ್ದು ಅಷ್ಟೇ. ನಿಘಂಟಿನಲ್ಲಿ 'ಸೀ' ತೆಗೆದರೆ 'ನೋಡು, ಕಾಣು' ಅಂತಿತ್ತು, ಅದರಾಚೆ ಗೆದ್ದಲಿನ ತೂತು.

"ಯಾಕ್ರೀ ಸುಮ್ಕಾದ್ರಿ?"

"ಆಚೆ ಕಡೆ ಕಾಣ್ತಿತ್ತಂತೆ."

"ಯಾವುದರ ಆಚೆ ಕಡೆ?"

"ಈ ಮುದ್ದಯ್ಯನ ಆಚೆ ಕಡೆ. ಗಾಜಿನ ಥರ."

ಚಾಮುಂಡಮ್ಮ ಊದುಗೊಳವೆ ಕೆಳಗಿಟ್ಟಳು. ನಾನು ಮುಂದಕ್ಕೆ ಓದಿದೆ. ಕಳೆದ ಶುಕ್ರವಾರ ಗೇಟಿನ ಹತ್ತಿರ 'ಸಾ ಹಿಮ್ ಆಫ್', ಅವನನ್ನು ಆಚೆಗೆ ಕಂಡೆ. ನಾವು ಅವನ 'ಲಾಸ್ಟ್' ಅನ್ನು 'ಸೀನ್' ಮಾಡಿದ್ದೇವೆ. ಲಾಸ್ಟ್ ಅಂದರೆ ಕೊನೆ. ಇದಕ್ಕೆ ನಿಘಂಟು ಬೇಕಿರಲಿಲ್ಲ. ಸ್ಕೂಲಿನಲ್ಲಿ ನಾನು ಕೂರುತ್ತಿದ್ದ ಬೆಂಚಿಗೆ ಅದೇ ಹೆಸರು.

"ಅವನ ಕೊನೆ ನೋಡಿದೆವು ಅಂತ ಬರೆದವ್ನೆ" ಅಂದೆ. "ಜೊತೆಗೆ 'ಐ ಹೋಪ್' ಅಂತ ಐತೆ. ಆತ್ಮಕ್ಕೆ ಶಾಂತಿ ಸಿಗಲಿ ಅಂತ ಹಾರೈಸವ್ನೆ."

"ಯಾವತ್ತು ಹೋಗಿದ್ದು?"

"ಶುಕ್ರವಾರ."

"ಅಮಾಸೆ" ಅಂದಳು ಅವಳು. "ಇಲ್ಲಿಗೆ ಬಂದಿದ್ದು ಶನಿವಾರ."

ಕೊನೆಯ ಸಾಲು ಉಳಿದಿತ್ತು. 'ನಿಮ್ಮಲ್ಲಿಗೆ ಬಂದರೆ ಸೀ ಟು ಹಿಮ್.' ನಾನು ಅದನ್ನು ಮನಸ್ಸಿನಲ್ಲೇ ಮಾಡಿಕೊಂಡೆ. ಅವನನ್ನು ನೋಡಿಕೊಳ್ಳಿ. ಚೆನ್ನಾಗಿ ನೋಡಿಕೊಳ್ಳಿ.

"ಸತ್ತೋನನ್ನ ನೋಡ್ಕೊಳ್ಳಿ ಅಂತ ನಮ್ಮನೆಗೆ ಕಳ್ಸವ್ನಾ ನನ್ ತಮ್ಮ?"

"ಕಳ್ಸಿಲ್ಲ. ಬಂದ್ರೆ ಅಂತ ಬರೆದವ್ನೆ. ಪಾಪ, ಅವನ ಕೈಲಿ ಏನೈತೆ."

ಅನ್ನ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಚಾಮುಂಡಮ್ಮ ಧೈರ್ಯದ ಹೆಂಗಸು. ಪರೀಕ್ಷೆ ಮಾಡದೆ ಏನನ್ನೂ ನಂಬುವವಳಲ್ಲ. (ಈ ಪರೀಕ್ಷೆಗಳನ್ನು ಮಾಡಬೇಕಾದವನು ಮಾತ್ರ ನಾನು.) ಸಂಜೆ ಅವನು ಕಟ್ಟೆಯಿಂದ ಬಂದು ಚಾಪೆಯ ಮೇಲೆ ಕೂತಾಗ ನನ್ನ ಕೈಗೆ ಬುಡ್ಡಿ ದೀಪ ಕೊಟ್ಟು, "ಅವನ ಬೆನ್ನ ಹಿಂದಿನ ಗೂಡಲ್ಲಿ ಮಡಗಿ, ನಾನು ಮುಂದಿಂದ ನೋಡ್ತೀನಿ" ಅಂದಳು. ನಾನು ಉಸಿರು ಹಿಡಿದು ಅವನ ಹಿಂದೆ ಹೋಗಿ ಮಡಗಿದೆ. ಅವನು ಯಾಕೋ ಎದ್ದು ನಿಂತ. ಅಡಿಗೆ ಮನೆಯ ಕತ್ತಲಲ್ಲಿ ಅವಳ ಬಳೆ ಗಲ್ಲೆಂದಿತು.

ಒಳಗೆ ಹೋದೆ. ಅವಳು ಗೋಡೆಗೆ ಒರಗಿದ್ದಳು.

"ಕಾಣ್ತು ಕಣ್ರೀ. ದೀಪ ಆಚೆಯಿಂದ ಕಾಣ್ತು. ಸೊಂಟದಿಂದ ಕೆಳಕ್ಕೆ ಪೂರ್ತಿ."

ಅವನು ಉಟ್ಟಿದ್ದು ಹಳೆಯ ಮಲ್ಲು ಪಂಚೆ, ಒಗೆದೂ ಒಗೆದೂ ಜೇಡರ ಬಲೆಯಾಗಿತ್ತು ಅನ್ನುವುದು ಈಗ ಹೊಳೆಯುತ್ತದೆ. ಆಗ ಹೊಳೆದದ್ದು ದೀಪ ಮಾತ್ರ.

ಬುಧವಾರ ಬೆಳಗ್ಗೆ ಇನ್ನೊಂದು ಪರೀಕ್ಷೆ. ಸತ್ತವರ ಪಾದ ಹಿಂದುಮುಂದಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಅವನು ಮಲಗಿದ್ದಾಗ ಚಾಪೆಯ ಕೊನೆಗೆ ತೆವಳಿಕೊಂಡು ಹೋಗಿ ನೋಡಿದೆ. ಕಾಲುಚೀಲದ ಹಿಮ್ಮಡಿ ನೆಟ್ಟಗೆ ಸೂರಿನ ಕಡೆ ಮುಖ ಮಾಡಿತ್ತು. ಚೀಲ ತಿರುಗಿಕೊಂಡಿರಬಹುದು ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವನು ಎದ್ದು ಹೊರಗೆ ಹೋದಾಗ ಅಂಗಳದಲ್ಲಿ ಅವನಿಗೆ ನೆರಳೂ ಇರಲಿಲ್ಲ. ದಟ್ಟ ಮಂಜು, ನನಗೂ ಇರಲಿಲ್ಲ, ನಾಯಿಗೂ ಇರಲಿಲ್ಲ. ಆದರೆ ನಾವಿಬ್ಬರೂ ನಮ್ಮನ್ನು ಪರೀಕ್ಷೆ ಮಾಡಿಕೊಳ್ಳುತ್ತಿರಲಿಲ್ಲವಲ್ಲ.

ಅವ್ವನಿಗೆ ಏನೂ ಹೇಳಬಾರದು ಅಂತ ತೀರ್ಮಾನಿಸಿದೆವು. ಆದರೆ ಅವ್ವನ ಕಿವಿ ಬಹಳ ಚುರುಕು. ಆ ಮಧ್ಯಾಹ್ನ ಊರೆಲ್ಲ ಹೊಲದ ಕಡೆ ಹೋಗಿ ಬೀದಿ ಬಿಕೋ ಅನ್ನುತ್ತಿದ್ದಾಗ, ಅವಳು ಕೊಟ್ಟಿಗೆಯ ನೆರಳಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಗೋಡೆಯ ಈಚೆ ನಿಂತೆ.

"ನಮ್ಮ ಯಜಮಾನ್ರು ಅಲ್ಲಿ ಸಿಕ್ಕಿದ್ರಾಪ್ಪ?" ಅವ್ವ ಕೇಳಿದಳು, ಹುಣಸೂರು ಸಂತೆಯಲ್ಲಿ ಸಿಕ್ಕರಾ ಅಂತ ಕೇಳುವ ಹಾಗೆ.

"ಸಿಕ್ಕಿದ್ರು" ಅಂದ ಅವನು. "ಚಳಿ ಅಂತಿದ್ರು."

ಅವ್ವ ಏನೋ ಕೇಳಿದಳು. ಅವನು ತಲೆ ವಾರೆ ಮಾಡಿ, ಬಗ್ಗಿ, ಅವಳ ಕಿವಿಯಲ್ಲಿ ಏನೋ ಹೇಳಿದ. ಅವ್ವನ ಕೈಯಲ್ಲಿ ತಿರುಗುತ್ತಿದ್ದ ಕದಿರು ನಿಂತುಹೋಯಿತು. ನಾನು ಅಲ್ಲಿಂದ ಓಡಿಬಂದೆ.

"ಹಿಂಗೇ ಬುಟ್ರೆ ಆಗಕಿಲ್ಲ" ಅಂದಳು ಚಾಮುಂಡಮ್ಮ. "ಆಸೆ ಉಳಿದೋರು ಹಿಂಗೆ ಬಂದು ಕೂರ್ತಾರೆ. ನಮ್ಮ ತವರಲ್ಲಿ ಆಸೆ ಏನು ಅಂತ ಕೇಳಿ, ತೀರಿಸಿ, ಗಡಿ ದಾಟಿಸ್ತಾರೆ. ನೀವೇ ಕೇಳಿ."

"ನಾನ್ಯಾಕೆ?"

"ಇಂಗ್ಲೀಷಲ್ಲಿ ಕಂಡುಹಿಡಿದೋರು ನೀವಲ್ವಾ."

ಗುರುವಾರ ಊಟವಾದ ಮೇಲೆ ಅವನ ಮುಂದೆ ಕೈ ಕಟ್ಟಿಕೊಂಡು ನಿಂತೆ. ಒಂದು ಕೋಳಿಯ ಮುಕ್ಕಾಲು ಭಾಗ ಅವನೊಳಗೆ ಹೋಗಿತ್ತು.

"ಮುದ್ದಯ್ಯನೋರೇ, ನಮಗೆಲ್ಲ ಗೊತ್ತಾಗೈತೆ. ನಿಮ್ಮ ಮೇಲೆ ನಮಗೆ ಕೋಪ ಇಲ್ಲ."

ಅವನ ಮುಖ ಬಿಳಿಚಿಕೊಂಡಿತು. ಬಾಗಿಲ ಕಡೆ ನೋಡಿದ. "ಜವರಯ್ಯ ಬರೆದ್ನಾ?"

"ಬರೆದವ್ನೆ. ನಿಮ್ಮನ್ನ ನೋಡ್ಕೊಳ್ಳಿ ಅಂದವ್ನೆ. ಅದಕ್ಕೇ ಕೇಳ್ತಾ ಇದೀನಿ. ನಿಮಗೆ ಏನಾರ ಆಸೆ ಉಳ್ಕೊಂಡೈತಾ? ಸಂಕೋಚ ಬ್ಯಾಡ. ಕೊಟ್ಟು ಕಳಿಸ್ತೀವಿ."

ಅವನು ನನ್ನ ಮುಖವನ್ನು ನೋಡಿದ ನೋಟ ನನಗಿನ್ನೂ ಮರೆತಿಲ್ಲ. ಮೊದಲು ಅನುಮಾನ, ಆಮೇಲೆ ಆಶ್ಚರ್ಯ, ಆಮೇಲೆ ಒಂದು ಬಗೆಯ ಕರುಣೆ.

"ನೀವಾಗೇ ಕೇಳ್ತಾ ಇದೀರಿ, ಅದಕ್ಕೆ ಹೇಳ್ತೀನಿ" ಅಂದ ಮೆಲ್ಲಗೆ. "ಒಂದು ಒಳ್ಳೇ ಜರಿ ರುಮಾಲು ಸುತ್ಕೋಬೇಕು ಅಂತಿತ್ತು."

ನನ್ನ ಮದುವೆಯ ರುಮಾಲನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಆಮೇಲೆ ಕರಿ ಕೋಟು ನೆನಪಾಯಿತು ಅವನಿಗೆ. ಅದನ್ನೂ ಕೊಟ್ಟೆ. ಅವ್ವ ತಾನಾಗಿಯೇ ಬಂದು ಅಪ್ಪನ ಕಂಬಳಿಯನ್ನು ಅವನ ಮುಂದಿಟ್ಟು ಹೋದಳು. ಕೊನೆಗೆ ಅವನು ಅಂಗಳದ ಕಡೆ ಕೈ ತೋರಿಸಿದ.

"ಅಂಥ ಟಗರು ಸಾಕಬೇಕು ಅಂತ ಬದುಕಿರೋವರ್ಗೂ ಆಸೆ."

ಆ ಟಗರನ್ನು ನಾನು ಮೂರು ವರ್ಷ ಮಗುವಿನ ಹಾಗೆ ಸಾಕಿದ್ದೆ. ದೆವ್ವದ ಜೊತೆ ಚೌಕಾಸಿ ಮಾಡಿದ ಮೊದಲ ಕಟ್ಟೆಮಳಲವಾಡಿಯವನು ನಾನೇ ಇರಬೇಕು.

"ಅದರ ಬದಲು ಎರಡು ಹುಂಜ ಆದ್ರೆ ಆಗ್ತದಾ?"

"ಬ್ಯಾಡ ಬುಡಿ. ಆಸೆ ತೀರೋತನಕ ಇಲ್ಲೇ ಇರ್ತೀನಿ" ಅಂದ, ಯಾವ ಬೇಜಾರೂ ಇಲ್ಲದೆ.

ಚಾಮುಂಡಮ್ಮ ಒಳಗಿಂದ ಕೆಮ್ಮಿದಳು. ನಾನು ಟಗರಿನ ಹಗ್ಗ ಬಿಚ್ಚಲು ಹೋದೆ.

ಶುಕ್ರವಾರ ಬೆಳಗ್ಗೆ ಅವನನ್ನು ಕಳಿಸಿದೆವು. ಮಂಜು ಎಷ್ಟಿತ್ತೆಂದರೆ ಚಾಚಿದ ಕೈ ಕಾಣದು. ಮುಂದೆ ಜರಿ ರುಮಾಲು, ಕರಿ ಕೋಟಿನ ಅವನು, ಪಕ್ಕದಲ್ಲಿ ಟಗರು. ಹಿಂದೆ ಆರತಿ ತಟ್ಟೆ ಹಿಡಿದ ಚಾಮುಂಡಮ್ಮ, ನಿಂಬೆಹಣ್ಣು ಹಿಡಿದ ನಾನು. ಊರ ಗಡಿಯ ಕಲ್ಲಿನ ಹತ್ತಿರ ನಿಂಬೆಹಣ್ಣು ಕುಯ್ದು ಎರಡು ಕಡೆ ಎಸೆದೆ. ತಿರುಗಿ ನೋಡಬಾರದು ಅಂತ ಚಾಮುಂಡಮ್ಮ ಮೊದಲೇ ಹೇಳಿದ್ದಳು. ಬೆನ್ನು ತಿರುಗಿಸಿ ನಡೆದೆವು. ಹಿಂದಿನಿಂದ ಟಗರಿನ ಕೊರಳ ಗಂಟೆಯ ಸದ್ದು ಹೊಳೆಯ ಕಡೆಗೆ ಇಳಿಯುತ್ತಾ ಹೋಯಿತು. ದೂರವಾಗಿ ಸಣ್ಣದಾಗಬೇಕಿದ್ದ ಸದ್ದು ಹಾಗೇ, ನಡುವೆ ಕತ್ತರಿಸಿದ ಹಾಗೆ, ನಿಂತುಹೋಯಿತು. ಚಾಮುಂಡಮ್ಮ ನನ್ನ ಕೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಬೀದಿಯಲ್ಲಿ ಅವಳು ನನ್ನ ಕೈ ಹಿಡಿದದ್ದು ಅದೊಂದೇ ಸಲ.

ಭಾನುವಾರ ಬೆಳಗ್ಗೆ ಜವರಯ್ಯ ಬಂದ. ಹುಣಸೂರಿನಲ್ಲಿ ಬಸ್ಸಿಳಿದು ನಡೆದುಕೊಂಡು ಬಂದಿದ್ದ. ಜಗುಲಿಯ ಮೇಲೆ ಕೂತು, ಅಕ್ಕ ಕೊಟ್ಟ ಕಾಫಿ ಹಿಡಿದು, "ಟಗರೆಲ್ಲಿ ಬಾವ?" ಅಂದ.

ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದ ಹಾಗೆ ಅವನ ಮುಖ ಊದಿಕೊಳ್ಳುತ್ತಾ ಹೋಯಿತು. ಕೊನೆಗೆ ಕಾಫಿ ಮೂಗಿಗೆ ಹತ್ತಿತು. ಅವನ ಅಕ್ಕ ತಲೆ ತಟ್ಟಬೇಕಾಯಿತು.

"ಬಾವ, ಸಾ ಥ್ರೂ ಅಂದ್ರೆ ಅವನ ಬಂಡವಾಳ ಗೊತ್ತಾಯ್ತು ಅಂತ. ಅವನು ಕಳ್ಳ. ಮಾತಲ್ಲಿ ಮನೆ ಹಾಳು ಮಾಡೋನು. ಸಾ ಆಫ್ ಅಂದ್ರೆ ಗೇಟ್ ದಾಟೋವರ್ಗೂ ನಿಂತು ಅಟ್ಟಿ ಬಂದೆ. ಲಾಸ್ಟ್ ನೋಡಿದೆವು ಅಂದ್ರೆ ಪೀಡೆ ತೊಲಗ್ತು, ಇನ್ನು ಈ ಕಡೆ ತಲೆ ಹಾಕಲ್ಲ ಅಂತ."

"ಸೀ ಟು ಹಿಮ್?"

"ಬಂದ್ರೆ ವಿಚಾರಿಸ್ಕೊಳ್ಳಿ ಅಂತ."

"ವಿಚಾರಿಸ್ಕೊಂಡೆವಲ್ಲ, ದಿನಾ ಕೋಳಿ ಕುಯ್ದು."

"ಆ ವಿಚಾರಿಸೋದಲ್ಲ ಬಾವ."

"ನೀನು ಕನ್ನಡದಲ್ಲಿ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಒಂದು ಸಲ ಕನ್ನಡದಲ್ಲಿ ಬರೆದಿದ್ದಕ್ಕೆ, ನಮಗೇನು ಇಂಗ್ಲೀಷು ಬರಲ್ವಾ ಅಂತ ನೀವೇ ತಿಂಗಳುಗಟ್ಟಲೆ ಮುನಿಸ್ಕೊಂಡಿದ್ರಿ."

ನಾನು ಹೆಂಡತಿಯ ಕಡೆ ತಿರುಗಿದೆ. ಹಾಳು ಇಂಗ್ಲಿಷು, ನೋಡೋದು ಅಂದರೆ ನೋಡೋದು ಅಂತ ಇರಬಾರದೇ ಅಂದೆ.

"ನೀವು ನಮ್ಮನೆಗೆ ಹೆಣ್ಣು ನೋಡೋಕೆ ಬಂದಾಗ ಬರೀ ನೋಡ್ಕೊಂಡು ಹೋದ್ರಾ?" ಅಂದಳು ಚಾಮುಂಡಮ್ಮ. "ಹೋಗಿದ್ರೆ ಚೆನ್ನಾಗಿತ್ತು."

ಇಷ್ಟೆಲ್ಲ ನಡೆಯುವಾಗ ಅವ್ವ ಬಾಗಿಲಲ್ಲಿ ಕೂತು ನೂಲುತ್ತಿದ್ದಳು. ಅವಳಿಗೆ ಹೇಗೆ ಹೇಳುವುದು ಅನ್ನುವುದೇ ನನ್ನ ದೊಡ್ಡ ಸಂಕಟ. ಹತ್ತಿರ ಹೋಗಿ ಕೂತೆ.

"ಅವ್ವ, ಆ ಮುದ್ದಯ್ಯ ಸತ್ತಿರ್ಲಿಲ್ಲ. ಕಳ್ಳ ಅವನು."

"ನಂಗೊತ್ತು ಕಣ್ಲಾ" ಅಂದಳು ಅವ್ವ. "ನೀವು ಗುಸುಗುಸು ಅಂದ ದಿನವೇ ಗೊತ್ತಿತ್ತು. ಸತ್ತೋನು ಸಾರಿಗೆ ಉಪ್ಪು ಕಮ್ಮಿ ಅಂತಾನಾ?"

ಜವರಯ್ಯ ಮತ್ತೆ ನಗಲು ಶುರು ಮಾಡಿದ. ಅವನ ಪ್ರಕಾರ, ಒಂದಕ್ಷರ ಇಂಗ್ಲಿಷ್ ಬರದೆ ಮುದ್ದಯ್ಯನನ್ನು 'ಸೀ ಥ್ರೂ' ಮಾಡಿದವರು ಈ ಮನೆಯಲ್ಲಿ ಅವ್ವ ಒಬ್ಬಳೇ.

"ಮತ್ತೆ ಅಪ್ಪನ ಕಂಬಳಿ ಯಾಕೆ ಕೊಟ್ಟೆ?"

"ಚಳಿ ಅಂದ್ರಲ್ಲ ನಿಮ್ಮಪ್ಪ."

"ಸುಳ್ಳು ಹೇಳ್ದ ಅವ್ವ ಅವನು."

"ನಾನೂ ಅಂಗೇ ಅಂದ್ಕೊಂಡೆ. ಮಂಚ ನೋಡಿ ನಾಕು ಜನ ಅಂದಿದ್ನಲ್ಲ, ಅದಕ್ಕೇ ಕೆಣಕಿ ನೋಡ್ದೆ. ಅವರೇ ಹೇಳಿದ್ದು ಅನ್ನಾಕೆ ಗುರುತೇನು ಅಂತ ಕೇಳ್ದೆ. ಅವನು ಒಸಿ ಹೊತ್ತು ಕಿವಿ ಕೊಟ್ಟು ಕೂತ. ಆಮೇಲೆ, ಚುಕ್ಕೆ ಹಸೂನ ಹುಲಿ ಹಿಡೀಲಿಲ್ಲವಂತೆ ಅಂದ."

ಚುಕ್ಕೆ ಹಸು ನಾನು ಕರುವಿನಿಂದ ಸಾಕಿದ್ದ ಹಸು. ನಾನು ಸ್ಕೂಲಿಗೆ ಸೇರುವ ಸ್ವಲ್ಪ ದಿನ ಮುಂಚೆ ಅದು ಮೇಯಲು ಹೋಗಿ ಹುಲಿಯ ಪಾಲಾಯಿತು ಅಂತ ಅಪ್ಪ ಹೇಳಿದ್ದ. ಮೂರು ದಿನ ನಾನು ಅಳುತ್ತಾ ಕಾಡಿನಂಚಿನಲ್ಲಿ ಹುಡುಕಿದ್ದೆ.

"ಮತ್ತೆ ಏನಾಯ್ತು ಅದು?"

"ಪಿರಿಯಾಪಟ್ಣದ ಸಂತೆಲಿ ಮಾರ್ದೋ" ಅಂದಳು ಅವ್ವ. "ನಿನ್ನ ಇಂಗ್ಲೀಷು ಓದ್ಸಾಕೆ. ನಿಂಗೆ ಗೊತ್ತಾದ್ರೆ ಸ್ಕೂಲಿಗೆ ಹೋಗಕಿಲ್ಲ ಅಂತ ಹುಲಿ ಅಂದ್ರು. ನಂಗೂ ಅವರಿಗೂ ಬಿಟ್ರೆ ಇನ್ನೊಂದು ನರಪಿಳ್ಳೆಗೆ ಗೊತ್ತಿಲ್ಲ."

ನಾನು ಜವರಯ್ಯನ ಕಡೆ ನೋಡಿದೆ. ಅವನ ನಗು ನಿಂತು ಬಹಳ ಹೊತ್ತಾಗಿತ್ತು.

"ನಾನು ಹೇಳಿಲ್ಲ ಬಾವ. ನಂಗೆ ಗೊತ್ತಿದ್ರೆ ತಾನೆ."

ಅವ್ವ ಕದಿರನ್ನು ಮತ್ತೆ ತಿರುಗಿಸಿದಳು. "ಇನ್ನೂ ಒಂದು ಮಾತು ಹೇಳ್ದ. ಹಸು ಮಾರಿದ್ದು ದಂಡವಾಯ್ತು ಅಂತ ನೊಂದ್ಕೊಂಡ್ರಂತೆ."

ನಾಲ್ಕು ದಿನ ಇರಲು ಬಂದಿದ್ದ ಜವರಯ್ಯ ಆ ಮಧ್ಯಾಹ್ನವೇ ಹೊರಟ. ತೋಟದಲ್ಲಿ ಕೆಲಸವಿದೆಯಂತೆ. ಹೊಳೆ ದಾಟುವವರೆಗೆ ಜೊತೆಗೆ ಬನ್ನಿ ಬಾವ ಅಂದ. ದಾರಿಯಲ್ಲಿ ಇಬ್ಬರೂ ಒಂದಕ್ಷರ ಇಂಗ್ಲಿಷ್ ಆಡಲಿಲ್ಲ.

ಮನೆಗೆ ಬಂದಾಗ ಚಾಮುಂಡಮ್ಮ ಜಗುಲಿಯ ಮೇಲಿದ್ದ ಲೋಟ ಎತ್ತಿಕೊಳ್ಳುತ್ತಿದ್ದಳು.

"ನಿಮ್ಮ ಇಂಗ್ಲೀಷಿನ ವಿಷಯ ಊರಿಗೆ ಮಾತ್ರ ಗೊತ್ತಿಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ" ಅಂದಳು. "ಆ ಲೋಕಕ್ಕೂ ಗೊತ್ತಾಗೋಯ್ತಲ್ರೀ."

ನಾನು ಅಪ್ಪನ ಮಂಚದ ಕಡೆ ನೋಡದೆ ಒಳಗೆ ಹೋದೆ. ಏನಾದರೂ ಹೇಳಬೇಕೆನ್ನಿಸಿತು. ಆ ಹೊತ್ತಿಗೆ ಕನ್ನಡವೂ ಬರಲಿಲ್ಲ.